ಯಾವ ನೀರಿಗೆ ದುಡ್ಡು ಸಿಗುತ್ತದೆ?

(ವಿರಾಜಪೇಟೆಯಲ್ಲಿ ಬೆಳೆಗಾರರು ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವ ವಿಷಯ ನೀರಿನ ಯೋಜನೆಗಳ ಹಣಕಾಸು. ಊಟ ಆದ ಮೇಲೆ ಇಂಥ ವಿಷಯ ಇಟ್ಟರೆ ನಿದ್ದೆ ಗ್ಯಾರಂಟಿ. ಅದಕ್ಕೇ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಿಗೆ ನೀರು ಹೆಚ್ಚು ಬೇಕು ಅಂತ ನೋಡಿ ಸರ್ಕಾರ ದುಡ್ಡು ಕೊಡುವುದು ಕಡಿಮೆ. ಯಾವ ಬೇಡಿಕೆ ತನ್ನ ಲೆಕ್ಕದ ನಮೂನೆಯಲ್ಲಿ ಕೂರುತ್ತದೆ ಅಂತ ನೋಡಿ ಕೊಡುವುದೇ ಜಾಸ್ತಿ. ಕೊಡಗಿನ ಬೇಡಿಕೆಗಳು ಆ ನಮೂನೆಯಲ್ಲಿ ಕೂರುವುದು ಬಲು ಕಷ್ಟ.

ಕಮಿಷನ್ ಬಗ್ಗೆ ಮಾತಾಡಲ್ವಾ ಅಂತ ಹೊರಗೆ ಒಬ್ಬರು ಕೇಳಿದರು. ಮಾತಾಡಲ್ಲ. ಎಲ್ಲರೂ ನೂರಕ್ಕೆ ನೂರು ಪ್ರಾಮಾಣಿಕರಾಗಿದ್ದರೂ ಈ ಪದ್ಧತಿ ಹೇಗೆ ಆಯ್ಕೆ ಮಾಡುತ್ತದೆ ಅನ್ನುವುದು ಇವತ್ತಿನ ವಿಷಯ. ಅದನ್ನು ತಿಳಿದುಕೊಂಡರೆ ಉಳಿದದ್ದು ನಿಮಗೇ ಗೊತ್ತಾಗುತ್ತದೆ.

ಮೊದಲು ನಮ್ಮ ಕಣ್ಣೆದುರಿಗೇ ಇರುವ ಹಾರಂಗಿ. ಕುಶಾಲನಗರದ ಹತ್ತಿರ ಹುದುಗೂರಿನಲ್ಲಿದೆ. ಭರ್ತಿಯಾದರೆ 2,859 ಅಡಿ. ಮಳೆಗಾಲದಲ್ಲಿ ಆ ಭಾಗದವರು ದಿನಾ ಬೆಳಗ್ಗೆ ಪತ್ರಿಕೆಯಲ್ಲಿ ನೋಡುವ ಮೊದಲ ಅಂಕಿ ಅದು. ಸಂಗ್ರಹ ಎಂಟೂವರೆ ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಕೆಲಸ 1960ರ ದಶಕದಲ್ಲಿ ಶುರುವಾಯಿತು, ಅಣೆಕಟ್ಟು ಮುಗಿಯುವಾಗ 1980ರ ದಶಕ. ಯಾಕೆ ಅಷ್ಟು ತಡ? ಎಂಜಿನಿಯರಿಂಗ್ ಅಷ್ಟು ಕಷ್ಟದ್ದಾಗಿತ್ತಾ? ಇಲ್ಲ. ದುಡ್ಡಿನ ದಾರಿ ಕಷ್ಟದ್ದಾಗಿತ್ತು.

ಆಗ ದೊಡ್ಡ ನೀರಾವರಿ ಯೋಜನೆಗೆ ದೆಹಲಿಯ ಯೋಜನಾ ಆಯೋಗದ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಸಿಕ್ಕರೆ ಅದು ಪಂಚವಾರ್ಷಿಕ ಯೋಜನೆಯ ಒಳಗೆ ಬರುತ್ತದೆ, ಕೇಂದ್ರದ ನೆರವು ಬರುತ್ತದೆ. ಕಾವೇರಿ ಎರಡು ಮೂರು ರಾಜ್ಯಗಳ ನದಿ. ಮದ್ರಾಸು ಮತ್ತು ಮೈಸೂರಿನ ನಡುವೆ 1924ರ ಒಪ್ಪಂದ ಇತ್ತು, ತಕರಾರೂ ಇತ್ತು. ರಾಜ್ಯಗಳು ಮೊದಲು ಒಮ್ಮತಕ್ಕೆ ಬರಲಿ ಅನ್ನುತ್ತಾ ದೆಹಲಿ ಕೂತಿತು. ಒಮ್ಮತ ಆಗಲಿಲ್ಲ. ಕೊನೆಗೆ ರಾಜ್ಯ ಸರ್ಕಾರ ಹಾರಂಗಿ, ಹೇಮಾವತಿಯಂಥ ಯೋಜನೆಗಳನ್ನು ಸ್ವಂತ ದುಡ್ಡಲ್ಲಿ ಕಟ್ಟಲು ಹೊರಟಿತು. ಬಜೆಟ್ ಭಾಷೆಯಲ್ಲಿ ಅದಕ್ಕೆ ಯೋಜನೇತರ ವೆಚ್ಚ ಅನ್ನುತ್ತಿದ್ದರು. ಅಂದರೆ ಸಂಬಳ, ಸಾದಿಲ್ವಾರು (ಕಚೇರಿಯ ಚಿಲ್ಲರೆ ಖರ್ಚು) ಬರುವ ಕಡೆಯಿಂದಲೇ ಅಣೆಕಟ್ಟಿಗೂ ದುಡ್ಡು ಹೊಂದಿಸಬೇಕು. ಆ ವರ್ಷ ಎಷ್ಟು ಉಳಿಯುತ್ತದೋ ಅಷ್ಟು ಕೆಲಸ.

ಇದರಲ್ಲಿ ನನಗೆ ಮುಖ್ಯ ಅನಿಸುವ ಸಂಗತಿ ಇನ್ನೊಂದಿದೆ. ನೀರು ನಿಂತದ್ದು ಕೊಡಗಿನ ನೆಲದ ಮೇಲೆ. ನಾಲೆಯ ನೀರು ಉಣ್ಣುವ ಲಕ್ಷಕ್ಕೂ ಹೆಚ್ಚು ಎಕರೆಯಲ್ಲಿ ಬಹುಪಾಲು ಇರುವುದು ಮೈಸೂರು ಮತ್ತು ಹಾಸನ ಜಿಲ್ಲೆಗಳಲ್ಲಿ. ಪಿರಿಯಾಪಟ್ಟಣದ ರೈತರಿಗೆ ನೀರು ಸಿಕ್ಕಿದ್ದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ನೀರು ಕೆಳಗೇ ತಾನೇ ಹರಿಯಬೇಕು. ನಾನು ಹೇಳುತ್ತಿರುವುದು, ಹಾರಂಗಿ ಆಯ್ಕೆಯಾದದ್ದು ಕೊಡಗಿನ ಯಾವ ಅಗತ್ಯವನ್ನೂ ನೋಡಿ ಅಲ್ಲ. ಬಯಲು ಸೀಮೆಯಲ್ಲಿ ಎಷ್ಟು ಎಕರೆ ತೋರಿಸಬಹುದು ಅನ್ನುವುದನ್ನು ನೋಡಿ. ದೊಡ್ಡ ನೀರಾವರಿಯಲ್ಲಿ ಎಕರೆಯೇ ದೇವರು.

ಎಕರೆ ಹೇಗೆ ದೇವರಾಯಿತು ಅಂತ ಸ್ವಲ್ಪ ನೋಡೋಣ. ಬ್ರಿಟಿಷರು ನೀರಾವರಿ ಕಾಮಗಾರಿಗಳನ್ನು ಎರಡು ಜಾತಿ ಮಾಡಿದ್ದರು. ಸಾಲದ ಬಡ್ಡಿಯಷ್ಟಾದರೂ ಕಂದಾಯ ಹುಟ್ಟಿಸುವುದು ಉತ್ಪಾದಕ ಕಾಮಗಾರಿ. ಆದಾಯ ಬರದಿದ್ದರೂ ಬರಗಾಲ ತಪ್ಪಿಸಲು ಮಾಡುವುದು ರಕ್ಷಣಾ ಕಾಮಗಾರಿ. ಸ್ವಾತಂತ್ರ್ಯದ ನಂತರವೂ ಸರ್ಕಾರದ ಬೊಕ್ಕಸಕ್ಕೆ ಎಷ್ಟು ವಾಪಸ್ ಬರುತ್ತದೆ ಅನ್ನುವ ಲೆಕ್ಕವೇ ನಡೆಯುತ್ತಿತ್ತು. 1964ರಲ್ಲಿ ಅರ್ಥಶಾಸ್ತ್ರಜ್ಞ ಡಿ.ಆರ್. ಗಾಡ್ಗೀಳ್ ಅವರ ಸಮಿತಿ ಬಂದು, ಬೊಕ್ಕಸವನ್ನು ಮಾತ್ರ ನೋಡಬೇಡಿ, ರೈತನಿಗೆ ಆಗುವ ಲಾಭವನ್ನೂ ನೋಡಿ ಎಂದಿತು. ಅಲ್ಲಿಂದ ಲಾಭ ಮತ್ತು ವೆಚ್ಚದ ಅನುಪಾತ ಗಟ್ಟಿಯಾಗಿ ಕೂತಿತು. ಒಳ್ಳೆಯ ಬದಲಾವಣೆಯೇ. ಆದರೆ ಆ ಅನುಪಾತ ಕಟ್ಟುವ ರೀತಿ ನೋಡಿ.

ಲೆಕ್ಕ ಮಾಡೋದು ಸುಲಭ, ಚೀಟಿ ಪೆನ್ನು ಇದ್ದವರು ಬರೆದುಕೊಳ್ಳಿ. ಹತ್ತು ಕೋಟಿಯ ಒಂದು ಸಣ್ಣ ಅಣೆಕಟ್ಟು ಅಂತ ಸುಮ್ನೆ ಇಟ್ಟುಕೊಳ್ಳೋಣ. ವರ್ಷದ ವೆಚ್ಚ ಅಂದರೆ ಏನು? ಬಂಡವಾಳದ ಮೇಲೆ ಶೇಕಡ 10 ಬಡ್ಡಿ ಹಿಡಿಯುತ್ತಾರೆ, ಒಂದು ಕೋಟಿ. ಸವಕಳಿ ಶೇಕಡ 1, ಹತ್ತು ಲಕ್ಷ. ನಿರ್ವಹಣೆಗೆ ಇನ್ನೊಂದು ಹತ್ತು ಲಕ್ಷ ಇರಲಿ. ಒಟ್ಟು ಒಂದು ಕೋಟಿ ಇಪ್ಪತ್ತು ಲಕ್ಷ. ಇನ್ನು ಲಾಭ. ನೀರು ಬರುವ ಮೊದಲು ಬೆಳೆಯಿಂದ ಕೈಗೆ ಉಳಿಯುತ್ತಿದ್ದದ್ದು ಎಷ್ಟು, ನೀರು ಬಂದ ಮೇಲೆ ಎಷ್ಟು, ಅವೆರಡರ ವ್ಯತ್ಯಾಸ. ಮಾಮೂಲಿ ಪ್ರದೇಶದಲ್ಲಿ ಈ ಲಾಭ ವೆಚ್ಚದ ಒಂದೂವರೆ ಪಟ್ಟು ಇರಬೇಕು. ಅಂದರೆ ಒಂದು ಕೋಟಿ ಎಂಬತ್ತು ಲಕ್ಷ. ಎಕರೆಗೆ ಮೂವತ್ತು ಸಾವಿರ ಹೆಚ್ಚುವರಿ ಲಾಭ ಅಂದುಕೊಂಡರೂ ಆರುನೂರು ಎಕರೆ ಬೇಕಾಯಿತು. ಬರಪೀಡಿತ ಮತ್ತು ಗುಡ್ಡಗಾಡು ಪ್ರದೇಶಗಳಿಗೆ ರಿಯಾಯಿತಿ ಇದೆ, ಲಾಭವೂ ವೆಚ್ಚವೂ ಸಮ ಆದರೆ ಸಾಕು. ಆಗಲೂ ನಾನೂರು ಎಕರೆ.

ಈಗ ನೀವೇ ಹೇಳಿ. ನಾಪೋಕ್ಲು ಕಡೆ, ಬಿರುನಾಣಿ ಕಡೆ, ಒಂದು ತೋಡಿಗೆ (ಸಣ್ಣ ಹಳ್ಳಕ್ಕೆ) ಕಟ್ಟೆ ಹಾಕಿದರೆ ಅದರ ಕೆಳಗೆ ಒಟ್ಟಾಗಿ ನಾನೂರು ಎಕರೆ ಗದ್ದೆ ಎಲ್ಲಿದೆ? ಇದ್ದ ಗದ್ದೆಯೂ ಆಳಿಲ್ಲ ಅಂತ ಪಾಳು ಬಿದ್ದಿದೆ. ನಮ್ಮದು ಎರಡು ಗುಡ್ಡದ ನಡುವಿನ ಪಟ್ಟಿ ಗದ್ದೆ. ಅಲ್ಲಿ ನೀರು ನಿಂತರೆ ಸುತ್ತಲಿನ ಬಾವಿಗಳಲ್ಲಿ ಏಪ್ರಿಲ್‌ವರೆಗೂ ನೀರಿರುತ್ತದೆ. ತೋಟದ ಕೆರೆಗೆ ಒರತೆ ಬರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟಾಗ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹೊಡೆಯಲು ಆಧಾರವಾಗುತ್ತದೆ. ಇದೆಲ್ಲ ಇಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತಿರುವ ಲಾಭ. ಅಂದಾಜುಪಟ್ಟಿಯ ಲಾಭದ ಕಾಲಂನಲ್ಲಿ ಇದಕ್ಕೆ ಗಟ್ಟಿ ಜಾಗ ಇಲ್ಲ. ನಾಲೆಯ ಕೆಳಗಿನ ಎಕರೆ ಎಣಿಸುತ್ತಾರೆ. ನೆಲದೊಳಗೆ ಹೋದ ನೀರನ್ನು ಎಣಿಸುವುದಿಲ್ಲ.

ಹಾಗಂತ ಅನುಪಾತವೇ ಬೇಡ ಅನ್ನುವವನಲ್ಲ ನಾನು. ಅದೂ ಇಲ್ಲದಿದ್ದರೆ ಯಾರ ಕೈ ಮೇಲೋ ಅವರ ಊರಿಗೇ ಕಾಲುವೆ. ಕನಿಷ್ಠ ಒಂದು ಜರಡಿ ಇದೆಯಲ್ಲ. ಜರಡಿಯ ತೂತು ಯಾರ ಕಾಳಿನ ಅಳತೆಗೆ ಮಾಡಿದ್ದು ಅನ್ನುವುದಷ್ಟೇ ನನ್ನ ಪ್ರಶ್ನೆ.

ಈ ಜರಡಿ ದಾಟಿದ ಯೋಜನೆಗೆಲ್ಲ ದುಡ್ಡು ಬರುತ್ತದೆ ಅಂದುಕೊಳ್ಳಬೇಡಿ. ಅಲ್ಲಿ ಇನ್ನೊಂದು ನಿಯಮ ಕೆಲಸ ಮಾಡುತ್ತದೆ. ಶುರುವಾದದ್ದು ಮೊದಲು ಮುಗಿಯಲಿ ಅನ್ನುವುದು. ಎಲ್ಲ ರಾಜ್ಯಗಳಲ್ಲೂ ಶಂಕುಸ್ಥಾಪನೆ ಆಗಿ ಅರ್ಧಕ್ಕೆ ನಿಂತ ಕಾಮಗಾರಿಗಳು ರಾಶಿ ಬಿದ್ದಿದ್ದವು. ಅದಕ್ಕಾಗಿ 1996-97ರಲ್ಲಿ ಕೇಂದ್ರ ಸರ್ಕಾರ ತ್ವರಿತ ನೀರಾವರಿ ಲಾಭ ಕಾರ್ಯಕ್ರಮ ತಂದಿತು. ಅಷ್ಟಾದರೂ ರಾಶಿ ಕರಗಲಿಲ್ಲ. 2016ರಲ್ಲಿ 99 ಯೋಜನೆಗಳನ್ನು ಆದ್ಯತೆಯವು ಅಂತ ಆರಿಸಿ, ಕೃಷಿ, ಗ್ರಾಮೀಣಾಭಿವೃದ್ಧಿಯ ಬ್ಯಾಂಕ್ ನಬಾರ್ಡ್ ಮೂಲಕ ದೀರ್ಘಾವಧಿ ನೀರಾವರಿ ನಿಧಿ ಮಾಡಿ ಸಾಲ ಕೊಟ್ಟರು. ಆರಿಸಿದ್ದು ಹೇಗೆ? ಈಗಾಗಲೇ ಎಷ್ಟು ಭಾಗ ಕೆಲಸ ಆಗಿದೆ ಅನ್ನುವುದು ಅಲ್ಲಿ ದೊಡ್ಡ ಅಂಶ. ಬುದ್ಧಿವಂತಿಕೆಯ ನಿಯಮವೇ, ಇಲ್ಲ ಅನ್ನಲಾರೆ. ಆದರೆ ಇದರಿಂದ ರಾಜ್ಯಗಳು ಕಲಿತ ಪಾಠ ಬೇರೆ. ಹೇಗಾದರೂ ಮಾಡಿ ಮೊದಲು ಗುದ್ದಲಿ ಪೂಜೆ ಮುಗಿಸಿಬಿಡು. ಒಂದಿಷ್ಟು ದುಡ್ಡು ನೆಲಕ್ಕೆ ಹಾಕು. ಆಮೇಲೆ ಯಾರೂ ನಿಲ್ಲಿಸಲಾರರು.

ಪಕ್ಕದ ಸಕಲೇಶಪುರದ ಎತ್ತಿನಹೊಳೆಯನ್ನೇ ನೋಡಿ. 2012ರಲ್ಲಿ ಒಪ್ಪಿಗೆ ಕೊಟ್ಟಾಗ ಅಂದಾಜು 8,323 ಕೋಟಿ. 2014ಕ್ಕೆ 12,912 ಕೋಟಿ. 2023ಕ್ಕೆ 23,251 ಕೋಟಿ. 23 ಸಾವಿರ ಕೋಟಿ ಅಂತ ಮೊದಲ ದಿನವೇ ಹೇಳಿದ್ದರೆ ಸಂಪುಟ ಇನ್ನೊಮ್ಮೆ ಯೋಚನೆ ಮಾಡುತ್ತಿತ್ತೋ ಏನೋ. ಎರಡನೇ ಸಲ ಫೈಲು ಬಂದಾಗ ಪ್ರಶ್ನೆಯೇ ಬದಲಾಗಿರುತ್ತದೆ. ಈ ಯೋಜನೆ ಬೇಕಾ ಅಂತ ಯಾರೂ ಕೇಳುವುದಿಲ್ಲ, ಇಷ್ಟು ಸುರಿದ ಮೇಲೆ ಬಿಡೋಕಾಗುತ್ತಾ ಅಂತ ಕೇಳುತ್ತಾರೆ.

ಮೇಕೆದಾಟು ಇದರ ಇನ್ನೊಂದು ತುದಿ. ಕಾವೇರಿಗೆ ಅಡ್ಡಲಾಗಿ ಕಟ್ಟಬೇಕೆಂದಿರುವ ಅಣೆಕಟ್ಟು, 2019ರ ಅಂದಾಜು 9,000 ಕೋಟಿ, ಸಂಗ್ರಹ 67 ಟಿಎಂಸಿ. 2022ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಸಾವಿರ ಕೋಟಿ ಘೋಷಿಸಿತು. ಕೇಂದ್ರದ ಒಪ್ಪಿಗೆ ಇಲ್ಲದ ಇಂಥ ಯೋಜನೆಗೆ ಬಜೆಟ್‌ನಲ್ಲಿ ದುಡ್ಡು ಇಟ್ಟರೂ ಅದು ಖರ್ಚಾಗುವುದಿಲ್ಲ. ಬಜೆಟ್ ಭಾಷಣದಲ್ಲಿ ಹೆಸರು ಬಂತು ಅಂತ ಪಟಾಕಿ ಹೊಡೆಯುವ ಮೊದಲು ಆಡಳಿತಾತ್ಮಕ ಅನುಮೋದನೆ ಆಗಿದೆಯಾ ಅಂತ ಕೇಳಿ. ಘೋಷಣೆ ಬೇರೆ, ಅನುಮೋದನೆ ಬೇರೆ, ಟೆಂಡರ್ ಬೇರೆ, ಬಿಲ್ ಪಾಸಾಗುವುದು ಬೇರೆ.

ಈಗ ಕುಡಿಯುವ ನೀರಿಗೆ ಬರೋಣ. ಇಲ್ಲಿ ಎಕರೆ ದೇವರಲ್ಲ, ತಲೆ ದೇವರು.

ಜಲ ಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾಯಿತು. ಪ್ರತಿ ಗ್ರಾಮೀಣ ಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್. ನಮ್ಮಂಥ ರಾಜ್ಯಕ್ಕೆ ಕೇಂದ್ರದ ಅರ್ಧ, ರಾಜ್ಯದ ಅರ್ಧ. ರಾಜ್ಯಗಳಿಗೆ ದುಡ್ಡು ಹಂಚುವ ಸೂತ್ರದಲ್ಲಿ ಗ್ರಾಮೀಣ ಜನಸಂಖ್ಯೆಗೆ ಶೇಕಡ 30 ತೂಕ. ಮರುಭೂಮಿ, ಬರಪೀಡಿತ, ಗುಡ್ಡಗಾಡು ಪ್ರದೇಶಗಳಿಗೆ ಇನ್ನೊಂದು 30. ಉಳಿದದ್ದು ಪರಿಶಿಷ್ಟರ ಸಂಖ್ಯೆ, ನೀರಿನಲ್ಲಿ ರಾಸಾಯನಿಕ ಇರುವ ಊರುಗಳು, ಇನ್ನೂ ಕೊಡಬೇಕಾದ ನಲ್ಲಿಗಳು ಹೀಗೆ. ಇದು ರಾಜ್ಯಗಳ ನಡುವಿನ ಹಂಚಿಕೆ, ಜಿಲ್ಲೆಗಳ ನಡುವಿನದ್ದಲ್ಲ. ಆದರೂ ಯೋಚನೆಯ ಧಾಟಿ ಗೊತ್ತಾಗುತ್ತದೆ ಅಲ್ವಾ? ಹೆಚ್ಚು ಜನ, ಹೆಚ್ಚು ಬರ, ಹೆಚ್ಚು ಫ್ಲೋರೈಡ್.

ಕೊಡಗಿನಲ್ಲಿ 2011ರ ಜನಗಣತಿ ಪ್ರಕಾರ ಐದೂವರೆ ಲಕ್ಷ ಜನ. ರಾಜ್ಯದಲ್ಲೇ ಅತಿ ಕಡಿಮೆ ಜನರಿರುವ ಜಿಲ್ಲೆ. ಅದರ ಹಿಂದಿನ ಹತ್ತು ವರ್ಷದಲ್ಲಿ ಹೆಚ್ಚಿದ್ದು ಆರು ಸಾವಿರದಷ್ಟು ಮಾತ್ರ. ಶಾಸಕರು ಇಬ್ಬರು. ಮೊದಲು ಮೂವರಿದ್ದರು, 2008ರ ಚುನಾವಣೆಯಿಂದ ಸೋಮವಾರಪೇಟೆ ಕ್ಷೇತ್ರವೇ ಇಲ್ಲ. ಬರದ ಪಟ್ಟಿಗೆ ಹೋಗೋಣ ಅಂದರೆ ಭಾಗಮಂಡಲದ ಮಳೆ ನೋಡಿ ಯಾರೂ ನಂಬುವುದಿಲ್ಲ. ಹಿಂದುಳಿದವರ ಪಟ್ಟಿಗೆ ಹೋಗೋಣ ಅಂದರೆ ಅಲ್ಲೂ ಇಲ್ಲ. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಅಂತ ಗುರುತಿಸಿತು. ನಮ್ಮ ಆಗಿನ ಮೂರು ತಾಲ್ಲೂಕುಗಳು ಅದರಲ್ಲಿಲ್ಲ. ಕಾಫಿ ತೋಟದ ಸರಾಸರಿ ಆದಾಯ ನೋಡಿದರೆ ನಾವು ಸ್ಥಿತಿವಂತರು. ಆ ಸರಾಸರಿಯ ಅಡಿಯಲ್ಲಿ ತೋಟದ ಕಾರ್ಮಿಕರ ಲೈನ್ ಮನೆಗಳೂ ಇವೆ, ಆದಿವಾಸಿಗಳ ಹಾಡಿಗಳೂ ಇವೆ.

ಇದರ ಮೇಲೆ ನಮ್ಮ ಊರಿನ ಆಕಾರ. ಬಯಲು ಸೀಮೆಯಲ್ಲಿ ಒಂದು ಊರು ಅಂದರೆ ಇನ್ನೂರು ಮನೆ ಒತ್ತೊತ್ತಾಗಿ. ನಡುವೆ ಒಂದು ಟ್ಯಾಂಕ್ ಕಟ್ಟಿ, ಬೀದಿಗೊಂದು ಪೈಪ್ ಎಳೆದರೆ ಮುಗಿಯಿತು. ನಮ್ಮಲ್ಲಿ ಒಂದು ಮನೆಯ ನಾಯಿ ಬೊಗಳಿದರೆ ಇನ್ನೊಂದು ಮನೆಗೆ ಕೇಳುವುದಿಲ್ಲ. ಐನ್‌ಮನೆ (ಕುಟುಂಬದ ಮೂಲ ಮನೆ) ಒಂದು ಗುಡ್ಡದಲ್ಲಿ, ತಮ್ಮನ ಮನೆ ಇನ್ನೊಂದರಲ್ಲಿ, ನಡುವೆ ತೋಟ. ಅಷ್ಟೇ ನಲ್ಲಿಗೆ ಪೈಪಿನ ಉದ್ದ ಎಷ್ಟೋ ಪಟ್ಟು. ಮನೆಯೊಂದಕ್ಕೆ ತಗಲುವ ಖರ್ಚು ಮೇಲೇರಿತು ಅಂದರೆ ಮೇಲಿನ ಕಚೇರಿಯಿಂದ ವಿವರಣೆ ಕೇಳಿ ಫೈಲು ವಾಪಸ್ ಬರುತ್ತದೆ. ಸಿದ್ದಾಪುರದ ಕಡೆಯವರಿಗೆ ಇನ್ನೊಂದು ತಲೆನೋವು. ಕಾಡಾನೆ ತುಳಿದು ಮುರಿಯುವ ಪೈಪಿಗೆ ಅಂದಾಜುಪಟ್ಟಿಯಲ್ಲಿ ಕಾಲಂ ಇಲ್ಲ. (ನಗಬೇಡಿ, ಆ ಪೈಪ್ ಸರಿ ಮಾಡಿಸುವವರ ಪಾಡು ಅವರಿಗೇ ಗೊತ್ತು.)

ಪಟ್ಟಣಗಳದ್ದು ಬೇರೆ ಕಥೆ, ಚುಟುಕಾಗಿ ಹೇಳುತ್ತೇನೆ. ನಗರಗಳ ನೀರು, ಒಳಚರಂಡಿಗೆ ಕೇಂದ್ರ ತಂದ 2015ರ ಅಮೃತ್ ಯೋಜನೆ 500 ನಗರಗಳಿಗೆ, ಮುಖ್ಯವಾಗಿ ಲಕ್ಷಕ್ಕಿಂತ ಹೆಚ್ಚು ಜನ ಇದ್ದವಕ್ಕೆ. ಮಡಿಕೇರಿ 33 ಸಾವಿರದ ಊರು. ಹೊರಗುಳಿಯಿತು. 2021ರ ಅಮೃತ್ 2.0ರಲ್ಲಿ ನೀರು ಸರಬರಾಜನ್ನು ಎಲ್ಲ ಪಟ್ಟಣಗಳಿಗೂ ಬಿಟ್ಟರು, ಒಳಚರಂಡಿಯನ್ನು ಮಾತ್ರ ಹಳೆಯ 500ಕ್ಕೇ ಇಟ್ಟರು. ಅಂದರೆ ಮಡಿಕೇರಿಗೆ ನೀರು ಕೊಡುವ ಕೂಟುಹೊಳೆಯಿಂದ ಇನ್ನಷ್ಟು ನೀರು ತರಲು ದಾರಿ ಸಿಕ್ಕಿತು, ಬಳಸಿ ಬಿಟ್ಟ ಕೊಳಕು ನೀರಿಗೆ ಅದೇ ಯೋಜನೆಯಲ್ಲಿ ದಾರಿ ಸಿಗಲಿಲ್ಲ. ಮಡಿಕೇರಿ, ಕುಶಾಲನಗರದ ಒಳಚರಂಡಿ ಎಷ್ಟು ವರ್ಷ ಎಳೆಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ತಲಕಾವೇರಿಯಲ್ಲಿ ಕೈಮುಗಿದು ತೀರ್ಥ ತಗೊಳ್ಳುವ ನಾವೇ ಐವತ್ತು ಅರವತ್ತು ಕಿಲೋಮೀಟರ್ ಕೆಳಗೆ ಅದೇ ಹೊಳೆಗೆ ಏನೇನು ಬಿಡುತ್ತೇವೆ! ಆ ಸಿಟ್ಟು ಇವತ್ತು ಬೇಡ.

ಹಾಗಾದರೆ ನಮಗೆ ದಾರಿಯೇ ಇಲ್ಲವಾ? ಇದೆ. ಸಣ್ಣವು, ಆದರೆ ಗಟ್ಟಿಯಾದವು.

ಒಂದು ಹಾಡಿಗಳ ವಿಷಯ. ನಾಗರಹೊಳೆ ಅಂಚಿನ ಹಾಡಿಗೆ ಪೈಪ್ ಹಾಕಬೇಕು ಅಂದ ಕೂಡಲೇ ಬರುವ ಉತ್ತರ, ಅದು ಅರಣ್ಯ, ದೆಹಲಿಯ ಅನುಮತಿ ಬೇಕು. ಅಲ್ಲಿಗೆ ಫೈಲು ಮಲಗಿತು. 2006ರ ಅರಣ್ಯ ಹಕ್ಕು ಕಾಯ್ದೆಯ 3ನೇ ಸೆಕ್ಷನ್‌ನ 2ನೇ ಉಪಸೆಕ್ಷನ್ ತೆಗೆದು ಓದಿ. ಅಲ್ಲಿ ಹದಿಮೂರು ಬಗೆಯ ಸೌಕರ್ಯಗಳ ಪಟ್ಟಿ ಇದೆ. ಕುಡಿಯುವ ನೀರು, ನೀರಿನ ಪೈಪ್‌ಲೈನ್, ಮಳೆ ನೀರು ಹಿಡಿಯುವ ರಚನೆಗಳು, ಸಣ್ಣ ನೀರಾವರಿ ಕಾಲುವೆ ಎಲ್ಲವೂ ಅದರಲ್ಲಿವೆ. ಪ್ರತಿ ಕೆಲಸಕ್ಕೆ ಬಳಸುವ ಅರಣ್ಯ ಭೂಮಿ ಒಂದು ಹೆಕ್ಟೇರ್‌ಗಿಂತ ಕಡಿಮೆ ಇರಬೇಕು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಗ್ರಾಮಸಭೆ ಶಿಫಾರಸು ಮಾಡಬೇಕು. ಇಷ್ಟಿದ್ದರೆ ಒಪ್ಪಿಗೆ ಕೊಡುವ ಅಧಿಕಾರ ವಿಭಾಗೀಯ ಅರಣ್ಯಾಧಿಕಾರಿಗೇ ಇದೆ. ದೆಹಲಿಗೆ ಹೋಗಬೇಕಾಗಿಲ್ಲ. ಒಂದು ಪೈಪಿಗೆ ಎಷ್ಟು ಜಾಗ ಬೇಕು? ಒಂದು ಮೀಟರ್ ಅಗಲದ ಕಾಲುವೆ ತೋಡಿದರೂ ಒಂದು ಹೆಕ್ಟೇರ್ ತುಂಬಲು ಹತ್ತು ಕಿಲೋಮೀಟರ್ ಹೋಗಬೇಕು. ಆದರೆ ಗ್ರಾಮಸಭೆಯ ನಿರ್ಣಯ ಲಗತ್ತಿಸದೆ ಫೈಲು ಕಳಿಸಿದರೆ ಅದು ವಾಪಸ್ ಬಂದೇ ಬರುತ್ತದೆ. ಆ ನಿರ್ಣಯ ಬರೆಯಬೇಕಾದವರು ನೀವು.

ಇನ್ನೊಂದು ಜಲ ಜೀವನ್‌ನ ವಂತಿಗೆ. ಊರೊಳಗಿನ ಕಾಮಗಾರಿಯ ವೆಚ್ಚದಲ್ಲಿ ಜನ ಶೇಕಡ 10 ಕೊಡಬೇಕು. ಗುಡ್ಡಗಾಡು, ಅರಣ್ಯ ಪ್ರದೇಶಕ್ಕೆ ಮತ್ತು ಪರಿಶಿಷ್ಟರು ಅರ್ಧಕ್ಕಿಂತ ಹೆಚ್ಚಿರುವ ಊರಿಗೆ ಶೇಕಡ 5. ಅದನ್ನು ದುಡ್ಡಿನಲ್ಲೇ ಕೊಡಬೇಕೆಂದಿಲ್ಲ, ಕೆಲಸದ ರೂಪದಲ್ಲೂ ಕೊಡಬಹುದು. ಎಷ್ಟೋ ಕಡೆ ಈ ವಿಷಯ ಯಾರೂ ಹೇಳದೆ ವಂತಿಗೆ ಎತ್ತುವುದರಲ್ಲೇ ಜಗಳವಾಗಿ ಯೋಜನೆ ನಿಂತಿದೆ.

ಮಾತು ಮುಗಿಸಿದ ಮೇಲೆ ಎರಡು ಪ್ರಶ್ನೆ ಬಂದವು.

ಮೊದಲನೆಯದು ಹಿರಿಯ ಬೆಳೆಗಾರರೊಬ್ಬರದು. "ಕಾವೇರಿ ಹುಟ್ಟುವುದು ನಮ್ಮಲ್ಲಿ. ನ್ಯಾಯಮಂಡಳಿ ನಮಗೆ ಅಂತ ಪಾಲು ಯಾಕೆ ಇಡಲಿಲ್ಲ?" ಕಾವೇರಿ ಜಲವಿವಾದ ನ್ಯಾಯಮಂಡಳಿ ಪಾಲು ಮಾಡಿದ್ದು ರಾಜ್ಯಗಳಿಗೆ. 2007ರಲ್ಲಿ ಕರ್ನಾಟಕಕ್ಕೆ 270 ಟಿಎಂಸಿ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 284.75 ಮಾಡಿತು. ಹೆಚ್ಚಿದ್ದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಅದರೊಳಗೆ ಜಿಲ್ಲೆಗೆ ಇಷ್ಟು ಅಂತ ಬರೆಯುವುದು ರಾಜ್ಯದ ಕೆಲಸ. ಒಂದು ವಿಷಯ ಮಾತ್ರ ನೆನಪಿಡಿ ಎಂದೆ. ಕುಡಿಯುವ ನೀರಿಗೆ ಹೊಳೆಯಿಂದ ಎತ್ತಿದ್ದರಲ್ಲಿ ಶೇಕಡ 20ನ್ನು ಮಾತ್ರ ಬಳಕೆ ಅಂತ ಹಿಡಿಯಬೇಕೆಂದು ನ್ಯಾಯಮಂಡಳಿ ಹೇಳಿದೆ, ಉಳಿದದ್ದು ವಾಪಸ್ ಹೊಳೆಗೇ ಬರುತ್ತದೆ ಅನ್ನುವ ಲೆಕ್ಕ. ಕೊಡಗಿನ ಊರುಗಳಿಗೆ ಕುಡಿಯುವ ನೀರು ಕೊಟ್ಟರೆ ಕಾವೇರಿ ಲೆಕ್ಕ ಕೆಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎರಡನೇ ಪ್ರಶ್ನೆ ಪಂಚಾಯಿತಿ ಸದಸ್ಯೆಯೊಬ್ಬರದು. "ಸರ್, ನಮ್ಮಲ್ಲಿ ಇರೋ ಟ್ಯಾಂಕ್ ಸೋರ್ತಾ ಇದೆ. ಅದಕ್ಕೆ ದುಡ್ಡಿಲ್ಲ ಅಂತಾರೆ. ಪಕ್ಕದಲ್ಲೇ ಹೊಸ ಟ್ಯಾಂಕ್ ಕಟ್ಟೋಕೆ ದುಡ್ಡಿದೆ ಅಂತಾರೆ. ಇದೇನು ಲೆಕ್ಕ?"

ಅಕ್ಕಾ, ಇದು ಬಜೆಟ್ ಪುಸ್ತಕದ ಲೆಕ್ಕ. ಅಲ್ಲಿ ಪ್ರತಿ ಖರ್ಚಿಗೂ ನಾಲ್ಕು ಅಂಕಿಯ ಲೆಕ್ಕ ಶೀರ್ಷಿಕೆ ಇರುತ್ತದೆ. 4ರಿಂದ ಶುರುವಾದರೆ ಬಂಡವಾಳ ವೆಚ್ಚ, 2ರಿಂದ ಶುರುವಾದರೆ ರಾಜಸ್ವ ವೆಚ್ಚ. 4215 ಅಂದರೆ ಹೊಸ ನೀರು ಸರಬರಾಜು ಕಾಮಗಾರಿ, 2215 ಅದನ್ನು ನಡೆಸಿಕೊಂಡು ಹೋಗುವ ಖರ್ಚು. ಸಣ್ಣ ನೀರಾವರಿಯಲ್ಲೂ ಹಾಗೆ, 4702 ಮತ್ತು 2702. ಸಾಲ ಮಾಡಿದರೆ ಆಸ್ತಿ ಕಟ್ಟಲು ಮಾಡು, ದಿನದ ಖರ್ಚಿಗೆ ಮಾಡಬೇಡ ಅನ್ನುವುದು ವಿತ್ತೀಯ ಹೊಣೆಗಾರಿಕೆಯ ನಿಯಮ. ರಾಜ್ಯಗಳಿಗೆ ಕೇಂದ್ರ ಕೊಡುವ 50 ವರ್ಷದ ಬಡ್ಡಿರಹಿತ ಸಾಲವೂ ಬಂಡವಾಳ ಕಾಮಗಾರಿಗೇ. ಹಾಗಾಗಿ ಹೊಸ ಟ್ಯಾಂಕಿಗೆ ಸಾಲ ಸಿಗುತ್ತದೆ, ಸೋರುವ ಟ್ಯಾಂಕಿನ ಗಾರೆಗೆ ಸಿಗುವುದಿಲ್ಲ. ಉದ್ಘಾಟನೆಯ ಕಲ್ಲು ಗಾರೆಗೆ ಹಾಕಲಾಗುವುದಿಲ್ಲ ಅನ್ನುವುದೂ ಒಂದು ಕಾರಣ ಇರಬಹುದು.

ಆದರೆ ನಿಮ್ಮ ಪಂಚಾಯಿತಿಗೇ ನೇರವಾಗಿ ಬರುವ ದುಡ್ಡು ಒಂದಿದೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡ 60 ನಿರ್ಬಂಧಿತ. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು ಮತ್ತು ಮಳೆ ನೀರಿಗೆ. ಆ ದುಡ್ಡನ್ನು ದುರಸ್ತಿಗೂ ಹಾಕಬಹುದಿತ್ತು. ಮುಂದಿನ ಆಯೋಗದ ಅನುದಾನಕ್ಕೂ ಇದೇ ಪ್ರಶ್ನೆ ಮೊದಲು ಕೇಳಿ, ನೀರಿಗೆ ಎಷ್ಟು ಕಟ್ಟಿಟ್ಟಿದ್ದಾರೆ ಅಂತ. ಅಕ್ಟೋಬರ್ 2ರಿಂದ ಶುರುವಾಗುವ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಸಭೆಗಳಲ್ಲಿ ನಿಮ್ಮ ಟ್ಯಾಂಕಿನ ಹೆಸರು ಸೇರದಿದ್ದರೆ ವರ್ಷದ ಮಧ್ಯೆ ಸೇರಿಸುವುದು ಕಷ್ಟ.

"ಅಂದಾಜುಪಟ್ಟಿ ಯಾರು ಮಾಡಿಕೊಡ್ತಾರೆ?" ಎಂದು ಅವರು ಮತ್ತೆ ಕೇಳಿದರು. ಗ್ರಾಮೀಣ ಕುಡಿಯುವ ನೀರು ವಿಭಾಗದ ಕಿರಿಯ ಅಥವಾ ಸಹಾಯಕ ಎಂಜಿನಿಯರ್. ಸಭೆಗೆ ಮೊದಲೇ ಅವರನ್ನು ಕರೆಸಿ ಟ್ಯಾಂಕ್ ತೋರಿಸಿ, ಸಭೆ ಆದ ಮೇಲೆ ಅಲ್ಲ. ಎಷ್ಟು ಸೋರುತ್ತದೆ ಅಂತ ನೀವೇ ಅಳೆದಿಡಿ. ರಾತ್ರಿ ವಾಲ್ವ್ ಮುಚ್ಚಿ ಮಟ್ಟಕ್ಕೆ ಗುರುತು ಹಾಕಿ, ಬೆಳಗ್ಗೆ ಎಷ್ಟು ಇಳಿದಿದೆ ನೋಡಿ, ವಾಟರ್‌ಮ್ಯಾನ್ ಕೈಯಲ್ಲಿ ಬರೆಸಿ ಸಹಿ ಹಾಕಿಸಿ. ನಡಾವಳಿ ಪುಸ್ತಕದಲ್ಲಿ "ಟ್ಯಾಂಕ್ ದುರಸ್ತಿ ಮಾಡಿಸುವುದು" ಅಂತಷ್ಟೇ ಬರೆಸಬೇಡಿ. ಯಾವ ಟ್ಯಾಂಕ್, ಎಷ್ಟು ಲೀಟರಿನದು, ಎಷ್ಟು ಮನೆಗೆ ನೀರು ಹೋಗುತ್ತದೆ, ರಾತ್ರಿಗೆ ಎಷ್ಟು ಲೀಟರ್ ಸೋರುತ್ತದೆ, ಎಲ್ಲವನ್ನೂ ಬರೆಸಿ.